ಹಳೆಯ ಕಾರು ಕೊಳ್ಳುವ ಮುನ್ನ: ಒಳಗೆ ಅಡಗಿದ ಏಟು ಪತ್ತೆ ಮಾಡುವುದು ಹೇಗೆ?

ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋದವರು ಮೊದಲು ಇಂಜಿನ್ ಸದ್ದು ಕೇಳುತ್ತಾರೆ, ಆಮೇಲೆ ಮೀಟರ್ ನೋಡುತ್ತಾರೆ, ಕೊನೆಗೆ ಎ.ಸಿ. ಹಾಕಿ ಕೈ ಒಡ್ಡುತ್ತಾರೆ. ಕಾರಿನ ಚೌಕಟ್ಟು ನೇರವಾಗಿದೆಯೇ ಎಂದು ನೋಡುವವರು ವಿರಳ. ಇಂಜಿನ್ ಕೆಟ್ಟರೆ ಬಿಚ್ಚಿ ಕಟ್ಟಬಹುದು, ಗೇರ್‌ಬಾಕ್ಸ್ ಬದಲಿಸಬಹುದು. ಚೌಕಟ್ಟು ಒಮ್ಮೆ ಬಾಗಿ, ಅದನ್ನು ಸರಪಳಿ ಕಟ್ಟಿ ಎಳೆದು ಅಂದಾಜಿನಲ್ಲಿ ನೇರ ಮಾಡಿದ್ದರೆ ಮೊದಲಿನ ಸ್ಥಿತಿಗೆ ತರುವುದು ಬಹುತೇಕ ಆಗದ ಕೆಲಸ. ಆದ್ದರಿಂದ ಇಲ್ಲಿ ಇಂಜಿನ್ ಬಗ್ಗೆ ಒಂದು ಮಾತೂ ಇಲ್ಲ. ದಾವಣಗೆರೆ, ಹರಿಹರ, ಚಿತ್ರದುರ್ಗದ ಕಡೆಯ ಕೊಳ್ಳುವವರು ಚೌಕಟ್ಟಿನ ಬಗ್ಗೆ ಕೇಳುವ ಪ್ರಶ್ನೆಗಳಿಗೆ ಮಾತ್ರ ಉತ್ತರವಿದೆ.

ಒಳಗಿನ ಏಟು ಎಂದರೆ ಯಾವುದು? ಬಂಪರ್ ಒಡೆದಿದ್ದರೂ ಅದು ಆಕ್ಸಿಡೆಂಟ್ ಕಾರೇ?

ಬೋಲ್ಟ್ ಹಾಕಿ ಕೂರಿಸಿದ ಭಾಗ ಯಾವುದು, ಬೆಸುಗೆ ಹಾಕಿದ ಭಾಗ ಯಾವುದು ಎಂಬುದನ್ನು ಮೊದಲು ತಿಳಿದುಕೊಳ್ಳಿ. ಬಂಪರ್, ಬಾನೆಟ್, ಮುಂದಿನ ಎರಡು ಫೆಂಡರ್, ನಾಲ್ಕು ಬಾಗಿಲು, ಡಿಕ್ಕಿಯ ಬಾಗಿಲು ಇವೆಲ್ಲ ಬೋಲ್ಟಿನವು. ಬಿಚ್ಚಿ ಹೊಸದು ಹಾಕಿದರೆ ಮುಗಿಯಿತು, ಕಾರಿನ ಬಲಕ್ಕೆ ಧಕ್ಕೆಯಿಲ್ಲ. ಐದಾರು ವರ್ಷ ನಮ್ಮ ಊರಿನ ಬೀದಿಗಳಲ್ಲಿ ಓಡಿದ ಕಾರಿಗೆ ಒಂದೂ ಗೀರು ಇಲ್ಲವೆಂದರೆ ನನಗೆ ಅದೇ ಅನುಮಾನ.

ಬೆಸುಗೆಯ ಭಾಗಗಳ ಕಥೆ ಬೇರೆ. ಇಂಜಿನ್‌ನ ಎಡಬಲಕ್ಕೆ ಮುಂದಕ್ಕೆ ಚಾಚಿಕೊಂಡ ಎರಡು ಉದ್ದನೆಯ ಪೆಟ್ಟಿಗೆಯಂಥ ತೊಲೆಗಳಿರುತ್ತವೆ; ಗ್ಯಾರೇಜಿನವರು ಇವನ್ನು ಲೆಗ್ ಎನ್ನುತ್ತಾರೆ. ಅವುಗಳ ಮೇಲಿನ ಗೋಡೆ ಏಪ್ರನ್. ಬಾಗಿಲುಗಳ ನಡುವೆ ಛಾವಣಿಯನ್ನು ಹೊತ್ತು ನಿಂತವು ಪಿಲ್ಲರ್‌ಗಳು. ಬಾಗಿಲ ಕೆಳಗಿನ ಹೊಸ್ತಿಲು, ನೆಲದ ತಗಡು, ಡಿಕ್ಕಿಯ ತಳ, ಛಾವಣಿ ಮತ್ತು ಹಿಂದಿನ ಚಕ್ರದ ಮೇಲಿನ ತಗಡು ಕೂಡ ಬೆಸುಗೆಯವೇ. ಹಿಂದಿನದನ್ನೂ ಜನ ಫೆಂಡರ್ ಎಂದೇ ಕರೆಯುವುದರಿಂದ ಮುಂದಿನದರಂತೆ ಬಿಚ್ಚಿ ಹಾಕಬಹುದು ಎಂದುಕೊಳ್ಳುತ್ತಾರೆ. ಅದನ್ನು ಬದಲಿಸಬೇಕೆಂದರೆ ಕತ್ತರಿಸಲೇಬೇಕು.

ಸ್ವಿಫ್ಟ್, ಐ20, ಕ್ರೆಟಾದಂಥ ಕಾರುಗಳಿಗೆ ಬೇರೆ ಚಾಸಿಸ್ (ಕೆಳಚೌಕಟ್ಟು) ಇಲ್ಲ. ಬೆಸುಗೆ ಹಾಕಿದ ಈ ತಗಡಿನ ಗೂಡೇ ಚಾಸಿಸ್. ಮುಂದಿನ ಲೆಗ್‌ಗಳು ಕಾರು ಗುದ್ದಿದಾಗ ಲೆಕ್ಕಹಾಕಿದಂತೆ ಮಡಚಿಕೊಂಡು ಏಟಿನ ಬಲವನ್ನು ನುಂಗಬೇಕು, ಪಿಲ್ಲರ್‌ಗಳು ಮಾತ್ರ ಮಡಚಬಾರದು. ಈಗಿನ ಕಾರುಗಳಲ್ಲಿ ಪಿಲ್ಲರ್‌ಗೆ ಅತಿಗಟ್ಟಿ ಉಕ್ಕು ಬಳಸುತ್ತಾರೆ. ಅದಕ್ಕೆ ಗ್ಯಾಸ್ ಕಟ್ಟರ್ ಬೆಂಕಿ ತಗುಲಿದರೆ ಉಕ್ಕು ಮೆತ್ತಗಾಗುತ್ತದೆ. ಬಣ್ಣ ಬಳಿದ ಮೇಲೆ ನೋಡಲು ಮಾತ್ರ ಹಾಗೆಯೇ ಇರುತ್ತದೆ.

ನಮ್ಮ ಭಾಗದಲ್ಲಿ ವಿಶೇಷವಾಗಿ ಗಮನಿಸಬೇಕಾದದ್ದು ಏನಾದರೂ ಇದೆಯೇ?

ಇದೆ. ಹಿರಿಯೂರು, ಚಿತ್ರದುರ್ಗ, ಭರಮಸಾಗರ, ದಾವಣಗೆರೆ, ಹರಿಹರ ಎಲ್ಲವೂ ಹೆದ್ದಾರಿ 48ಕ್ಕೆ ಪೋಣಿಸಿಕೊಂಡ ಊರುಗಳು. ಇಲ್ಲಿನ ಕಾರುಗಳು ಊರೊಳಗಿನ ಉಜ್ಜಾಟಕ್ಕಿಂತ ಹೆದ್ದಾರಿಯ ವೇಗದಲ್ಲಿ ಏಟು ತಿನ್ನುತ್ತವೆ. ಅದರಲ್ಲೂ ಕೆಟ್ಟದ್ದು ರಾತ್ರಿ ರಸ್ತೆಬದಿಯಲ್ಲಿ ನಿಂತ ಲಾರಿಗೋ, ಹಿಂದೀಪವಿಲ್ಲದೆ ಮೆಕ್ಕೆಜೋಳ ಹೇರಿಕೊಂಡು ಹೋಗುವ ಟ್ರ್ಯಾಕ್ಟರ್ ಟ್ರೇಲರ್‌ಗೋ ಹಿಂದಿನಿಂದ ಹೊಡೆಯುವ ಏಟು. ಲಾರಿಯ ಹಲಗೆ ಕಾರಿನ ಬಂಪರ್‌ಗಿಂತ ಎತ್ತರದಲ್ಲಿರುವುದರಿಂದ ಕಾರು ಅದರಡಿಗೆ ನುಗ್ಗುತ್ತದೆ. ಲೆಗ್‌ಗಳಿಗೆ ಏನೂ ಆಗಿರುವುದಿಲ್ಲ. ಬಾನೆಟ್, ಮುಂದಿನ ಗಾಜಿನ ಎರಡೂ ಬದಿಯ ಪಿಲ್ಲರ್ ಮತ್ತು ಛಾವಣಿಯ ಮುಂದಂಚು ಏಟು ತಿಂದಿರುತ್ತವೆ. ಬೆಂಗಳೂರಿನ ಟ್ರಾಫಿಕ್ಕಿಗೆ ಬರೆದ ಪಟ್ಟಿ ಹಿಡಿದುಕೊಂಡು ಕೆಳಗೆ ಮಾತ್ರ ನೋಡಿದರೆ ಇದು ತಪ್ಪಿಹೋಗುತ್ತದೆ. ಇಲ್ಲಿ ಛಾವಣಿಯ ಮುಂದಂಚಿನಿಂದಲೇ ಶುರು ಮಾಡಿ.

‘ಒಬ್ಬರೇ ಓನರ್, ಡಾಕ್ಟರ್ ಓಡಿಸಿದ ಗಾಡಿ’ ಎನ್ನುತ್ತಾರೆ. ನಂಬಬಹುದೇ?

ಎರಡು ವೈದ್ಯಕೀಯ ಕಾಲೇಜುಗಳಿರುವ ದಾವಣಗೆರೆಯಲ್ಲಿ ಈ ಮಾತು ನಿಜವಾಗಿರಲೂಬಹುದು. ಡಾಕ್ಟರ ಕಾರಿಗೂ ಲಾರಿ ಗುದ್ದುತ್ತದೆ.

ಕಾರು ನೋಡಲು ಯಾವ ಹೊತ್ತು ಒಳ್ಳೆಯದು?

ಬೆಳಗ್ಗೆ ಎಂಟರಿಂದ ಹತ್ತು, ಇಳಿಬಿಸಿಲಾದರೆ ಸಂಜೆ ನಾಲ್ಕರ ನಂತರ. ಬಿಸಿಲು ಓರೆಯಾಗಿ ಬಿದ್ದಾಗ ತಗಡಿನ ಏರಿಳಿತ ಎದ್ದು ಕಾಣುತ್ತದೆ. ನಡುಹಗಲ ಬಿಸಿಲಿನಲ್ಲಿ ಕಣ್ಣು ಕುಕ್ಕುತ್ತದೆ, ಅಂಗಡಿಯ ದೀಪದಡಿ ಎಲ್ಲ ಕಾರೂ ಹೊಸದೇ. ಆಗತಾನೇ ತೊಳೆದು ನೀರು ಇಳಿಯುತ್ತಿರುವ ಕಾರನ್ನು ನೋಡಬೇಡಿ. ‘ಒಣಗಲಿ, ಚಹಾ ಕುಡಿದು ಬರುತ್ತೇನೆ’ ಎನ್ನಿ. ಆಷಾಢದಲ್ಲಿ ಹೋದರೆ ಗಿರಾಕಿಗಳ ನೂಕುನುಗ್ಗಲು ಇರುವುದಿಲ್ಲ. ಯಾರೂ ಅವಸರ ಮಾಡದಿದ್ದರೆ ಅರ್ಧ ಗಂಟೆ ನೋಡುವವರು ಒಂದೂವರೆ ಗಂಟೆ ನೋಡುತ್ತಾರೆ.

ಹೊರಗಿನಿಂದ ನೋಡಿದರೆ ಏನು ಗೊತ್ತಾಗುತ್ತದೆ?

ಸಂದುಗಳನ್ನು ನೋಡಿ. ಬಾನೆಟ್ ಮತ್ತು ಫೆಂಡರ್ ನಡುವಿನ ಸಂದು ಎಡಕ್ಕೆ ಎಷ್ಟಿದೆಯೋ ಬಲಕ್ಕೂ ಅಷ್ಟೇ ಇರಬೇಕು. ಸಂದು ಮೇಲಿನಿಂದ ಕೆಳಗೆ ಒಂದೇ ಅಗಲವಿರಬೇಕು, ಮೇಲೆ ಕಿರಿದಾಗಿ ಕೆಳಗೆ ಅಗಲವಾಗಬಾರದು. ಎರಡೂ ಬದಿಯ ಅಂತರ ಸಮವಾಗಿ ದೊಡ್ಡದಿದ್ದರೆ ಅದು ಆ ಮಾದರಿಯ ಗುಣವಿರಬಹುದು. ನಮಗೆ ಬೇಕಾದದ್ದು ಎಡಬಲದ ವ್ಯತ್ಯಾಸ. ಆಮೇಲೆ ಕಾರಿನ ಹಿಂದಿನ ಮೂಲೆಯಲ್ಲಿ ಕುಳಿತು ಬದಿಯ ಗೆರೆಯನ್ನು ಒಂದೇ ಕಣ್ಣಿನಿಂದ ಮುಂದಿನವರೆಗೆ ನೋಡಿ. ರಸ್ತೆಯಾಚೆಯ ವಿದ್ಯುತ್ ಕಂಬದ ಪ್ರತಿಬಿಂಬ ಬಾಗಿಲ ಮೇಲೆ ನೇರವಾಗಿ ಬಿದ್ದರೆ ತಗಡು ಮುಟ್ಟಿಲ್ಲ, ಅದು ಅಲುಗಾಡಿದಂತೆ ಕಂಡರೆ ಅಲ್ಲಿ ಪುಟ್ಟಿ (ತಗ್ಗು ತುಂಬಲು ಮೆತ್ತಿದ ಲೇಪ) ಇದೆ.

ಬಾಗಿಲನ್ನು ಅರ್ಧ ತೆರೆದು ಬೆರಳಿನಿಂದ ಮೇಲೆತ್ತಿ. ಹಿಂಜು ಸಡಿಲವಾಗಿರುವುದು ವಯಸ್ಸಿನ ಲಕ್ಷಣ. ಆದರೆ ಬಾಗಿಲು ಹಾಕುವಾಗ ಕೊಂಡಿಗೆ ತಾಗಿ ಮೇಲಕ್ಕೆ ಏರಿ ಕೂತರೆ, ಪಿಲ್ಲರ್ ಸರಿದಿರುವ ಸಾಧ್ಯತೆ ಇದೆ.

ಬಂಪರ್‌ನ ಬಣ್ಣ ಫೆಂಡರ್‌ಗೆ ಹೊಂದುತ್ತಿಲ್ಲವೆಂದು ಗಾಬರಿಯಾಗಬೇಡಿ. ಪ್ಲಾಸ್ಟಿಕ್ ಮೇಲೆ ಬಣ್ಣ ಬೇರೆಯಾಗಿಯೇ ಕಾಣುತ್ತದೆ, ಮುತ್ತಿನ ಬಿಳಿಯಲ್ಲಂತೂ ಕಾರ್ಖಾನೆಯಿಂದಲೇ ಹಾಗೆ ಬರುತ್ತದೆ.

ಆಯಸ್ಕಾಂತ ಹಿಡಿದು ನೋಡಿದರೆ ಸಾಕೇ? ಪೇಂಟ್ ಮೀಟರ್ ಬೇಕೇ?

ಆಯಸ್ಕಾಂತವನ್ನು ಬಟ್ಟೆಯಲ್ಲಿ ಸುತ್ತಿ ತಗಡಿಗೆ ಹಿಡಿದರೆ, ಪುಟ್ಟಿ ದಪ್ಪವಿರುವಲ್ಲಿ ಅದು ಕಚ್ಚುವುದಿಲ್ಲ. ದಪ್ಪ ಪುಟ್ಟಿ ಹಿಡಿಯಲು ಅದು ಸಾಕು, ಮರುಬಣ್ಣ ಹಿಡಿಯಲು ಸಾಲದು. ಬಂಪರ್‌ಗೂ ಅಲ್ಯೂಮಿನಿಯಂ ಬಾನೆಟ್‌ಗೂ ಹಿಡಿದು ಪ್ರಯೋಜನವಿಲ್ಲ.

ಮೀಟರ್ ಇದ್ದರೆ ಕೆಲಸ ಸಲೀಸು. ಕಾರ್ಖಾನೆಯ ಬಣ್ಣದ ದಪ್ಪ ಸಾಮಾನ್ಯವಾಗಿ 80ರಿಂದ 150 ಮೈಕ್ರಾನ್. 200 ದಾಟಿದರೆ ಮತ್ತೊಮ್ಮೆ ಬಣ್ಣ ಹೊಡೆದಿದ್ದಾರೆ ಎಂದುಕೊಳ್ಳಬಹುದು, 400–500ರ ಮೇಲಾದರೆ ಒಳಗೆ ಪುಟ್ಟಿ, ಸಾವಿರ ದಾಟಿದರೆ ತಗಡು ಸರಿಯಾಗಿ ಮೇಲೆದ್ದೇ ಇಲ್ಲ. ಬಾಗಿಲ ಮೇಲೆ 300 ಬಂದರೆ ನಾನು ಮುಂದೆ ಹೋಗುತ್ತೇನೆ. ಪಿಲ್ಲರ್ ಮೇಲೆ, ಬಾಗಿಲ ಹೊಸ್ತಿಲ ಮೇಲೆ 300 ಬಂದರೆ ಅಲ್ಲಿಯೇ ನಿಲ್ಲುತ್ತೇನೆ. ಅಲ್ಲಿಗೆ ಸುಮ್ಮಸುಮ್ಮನೆ ಯಾರೂ ಬಣ್ಣ ಹೊಡೆಯುವುದಿಲ್ಲ.

ಛಾವಣಿಗೆ ಮರುಬಣ್ಣವಾಗಿದ್ದರೆ ಕಾರು ಪಲ್ಟಿಯಾಗಿತ್ತೇ ಎಂಬುದು ಮೊದಲ ಪ್ರಶ್ನೆಯಾಗಬೇಕು. ಆದರೆ ವರ್ಷಗಟ್ಟಲೆ ಬಯಲಿನಲ್ಲಿ ನಿಂತ ಕೆಂಪು, ಕಪ್ಪು ಕಾರುಗಳ ಛಾವಣಿಯ ಮೇಲ್ಪದರ ನಮ್ಮ ಬಿಸಿಲಿಗೆ ಸುಲಿದು ಬರುತ್ತದೆ. ಅದಕ್ಕೂ ಬಣ್ಣ ಹೊಡೆಸುತ್ತಾರೆ. ಎರಡನ್ನೂ ಬೇರೆ ಮಾಡಲು ಒಂದು ದಾರಿಯಿದೆ. ಒಳಗೆ ಕುಳಿತು ಛಾವಣಿಯ ಬಟ್ಟೆಯ ಅಂಚುಗಳನ್ನು, ಕೈ ಹಿಡಿಕೆಯ ಸ್ಕ್ರೂಗಳನ್ನು ನೋಡಿ. ಬಟ್ಟೆ ಮಡಿಸಿ ಮತ್ತೆ ಕೂರಿಸಿದ ಗುರುತಿದ್ದರೆ ಬಿಸಿಲಿನ ಕಥೆ ಸುಳ್ಳು.

ಬಾನೆಟ್ ಎತ್ತಿ ಎಲ್ಲಿ ನೋಡಬೇಕು?

ಇಂಜಿನ್ ಬಿಟ್ಟು ಉಳಿದೆಲ್ಲ ಕಡೆ.

ಮೊದಲು ಬೋಲ್ಟುಗಳು. ಫೆಂಡರ್ ಮೇಲಂಚಿನ ಬೋಲ್ಟು, ಬಾನೆಟ್ ಹಿಂಜಿನ ಬೋಲ್ಟುಗಳ ಮೇಲೆ ಕಾರ್ಖಾನೆಯ ಬಣ್ಣ ಮುರಿಯದೆ ಇರಬೇಕು. ಸ್ಪ್ಯಾನರ್ ತಿರುಗಿದ ಕಡೆ ಮೂಲೆಗಳಲ್ಲಿ ಬಣ್ಣ ಹಾರಿರುತ್ತದೆ. ಬೋಲ್ಟು ಬಿಚ್ಚಿದೆ ಎಂದ ಮಾತ್ರಕ್ಕೆ ದೊಡ್ಡ ಏಟು ಎಂದಲ್ಲ; ಬಿಚ್ಚಿದವರು ಒಳಗೆ ಏನು ಮಾಡಿದರು ಎಂದು ಹುಡುಕಲು ಅದು ಸುಳಿವು ಮಾತ್ರ.

ಎರಡನೆಯದು ಬೆಸುಗೆ. ಇದೇ ಎಲ್ಲಕ್ಕಿಂತ ಮುಖ್ಯ. ಕಾರ್ಖಾನೆಯಲ್ಲಿ ಎರಡು ತಗಡುಗಳನ್ನು ಒತ್ತಿ ಹಿಡಿದು ವಿದ್ಯುತ್ ಹರಿಸಿ ಬೆಸೆಯುತ್ತಾರೆ. ಅಲ್ಲಿ ಐದಾರು ಮಿಲಿಮೀಟರ್ ಅಗಲದ ಚಪ್ಪಟೆ ಗುಳಿ ಮೂಡುತ್ತದೆ. ಏಪ್ರನ್ ಅಂಚಿನಲ್ಲಿ, ಬಾಗಿಲ ಚೌಕಟ್ಟಿನ ಬೀಡಿಂಗ್ (ರಬ್ಬರ್ ಅಂಚು) ಕೆಳಗೆ ಈ ಗುಳಿಗಳು ಸಾಲಾಗಿ, ಹೆಚ್ಚುಕಡಿಮೆ ಒಂದೇ ಅಂತರದಲ್ಲಿ ಕಾಣುತ್ತವೆ. ಟಿಂಕರ್ ಕೆಲಸದವರ (ತಗಡು ರಿಪೇರಿ ಮಾಡುವವರ) ಬಳಿ ಈ ಯಂತ್ರ ಇರುವುದು ಅಪರೂಪ. ಅವರು ತೂತು ಕೊರೆದು ಸಿಒ2 ಬೆಸುಗೆ ತುಂಬಿಸಿ ಗ್ರೈಂಡರ್‌ನಿಂದ ಸವರುತ್ತಾರೆ. ಗುಳಿ ಇರಬೇಕಾದಲ್ಲಿ ಗುಬಟು, ಇಲ್ಲವೇ ನುಣ್ಣಗೆ ಸವರಿದ ಜಾಗ, ಗ್ರೈಂಡರ್‌ನ ವಕ್ರ ಗೀರು ಸಿಗುತ್ತವೆ. ಬಲಬದಿಯ ಏಪ್ರನ್‌ನಲ್ಲಿ ಗುಳಿ ಎಣಿಸಿ, ಎಡಬದಿಯಲ್ಲಿ ಎಣಿಸಿ. ಲೆಕ್ಕ ತಾಳೆಯಾಗದಿದ್ದರೆ ಮಾರುವವರನ್ನು ಕೇಳಿ. ಅವರ ಬಾಯಿಂದ ‘ಸಣ್ಣ ಟಚಿಂಗ್ ಅಷ್ಟೇ’ ಎಂಬ ಮಾತು ಬರುವುದು ಬಹುಮಟ್ಟಿಗೆ ಇಲ್ಲಿಯೇ.

ಮೂರನೆಯದು ಸೀಲರ್. ಎರಡು ತಗಡು ಸೇರುವಲ್ಲಿ ನೀರು ಇಳಿಯದಂತೆ ಹಚ್ಚಿದ ರಬ್ಬರಿನಂಥ ಪಟ್ಟಿ ಇದು. ಕಾರ್ಖಾನೆಯದ್ದು ಒಂದೇ ದಪ್ಪದಲ್ಲಿ ಹರಿದಿರುತ್ತದೆ, ಉಗುರಿನಿಂದ ಒತ್ತಿದರೆ ಗಟ್ಟಿ. ಕೈಯಿಂದ ಹಚ್ಚಿದ್ದರಲ್ಲಿ ಬ್ರಷ್ ಗೆರೆ, ಬೆರಳ ಗುರುತು ಇರುತ್ತದೆ, ಹೊಸದಾದರೆ ಉಗುರು ಇಳಿಯುತ್ತದೆ. ಅಗ್ಗದ ಕೆಲಸವಾದರೆ ಸೀಲರ್ ಇರುವುದೇ ಇಲ್ಲ.

ಕೊನೆಗೆ ಲೆಗ್‌ಗಳು. ಅಲ್ಲಿಗೆ ಕಣ್ಣು ತಲುಪುವುದಿಲ್ಲ, ಮೊಬೈಲ್ ತಲುಪುತ್ತದೆ. ದೀಪ ಹಾಕಿ ಬ್ಯಾಟರಿ ಪಕ್ಕದಿಂದ, ಹೆಡ್‌ಲೈಟ್ ಹಿಂದಿನಿಂದ ಮೊಬೈಲ್ ಇಳಿಸಿ ವಿಡಿಯೊ ತೆಗೆಯಿರಿ. ಲೆಗ್‌ನ ಪಕ್ಕೆಯಲ್ಲಿ ಕಾರ್ಖಾನೆಯವರೇ ಒತ್ತಿದ ಗೆರೆಗಳಿರುತ್ತವೆ, ಮಡಚುವಾಗ ಅಲ್ಲಿಂದ ಮಡಚಲಿ ಎಂದು. ಎರಡೂ ಬದಿಯಲ್ಲಿ ಅವು ಒಂದೇ ರೀತಿ ಇರಬೇಕು. ಒಂದು ಬದಿಯಲ್ಲಿ ಮಾತ್ರ ಬಟ್ಟೆ ಮುದುಡಿದಂಥ ಸುಕ್ಕು ಕಂಡರೆ, ಇಲ್ಲವೇ ಸುತ್ತಿಗೆ ಏಟಿನ ಸಣ್ಣ ತಗ್ಗುಗಳು ಕಂಡರೆ ಬಾನೆಟ್ ಮುಚ್ಚಿ ಬನ್ನಿ.

ರೇಡಿಯೇಟರ್ ಹಿಡಿದ ಮುಂದಿನ ಸಪೋರ್ಟ್ ಹೊಸದಿದ್ದರೆ ಅಷ್ಟು ಚಿಂತೆ ಬೇಡ. ಬಹಳ ಮಾದರಿಗಳಲ್ಲಿ ಅದು ಬೋಲ್ಟಿನದು. ಅದರ ಹಿಂದಿನ ಲೆಗ್‌ನ ತುದಿ ಸರಿಯಿದೆಯೇ ಎಂದಷ್ಟೇ ನೋಡಿ.

ಬಾಗಿಲ ಬೀಡಿಂಗ್ ಎಳೆದು ನೋಡಲು ಬಿಡುತ್ತಾರೆಯೇ?

ಕೇಳಿ ಎಳೆಯಿರಿ. ಅದು ಒತ್ತಿದರೆ ಮತ್ತೆ ಕೂರುವ ರಬ್ಬರ್, ಹಾಳಾಗುವುದಿಲ್ಲ. ಬಿಡುವುದಿಲ್ಲ ಎಂದರೆ ಅದೂ ಒಂದು ಉತ್ತರವೇ. ನಾಲ್ಕೂ ಬಾಗಿಲಲ್ಲಿ ಪಿಲ್ಲರ್ ಬುಡದ ಒಂದು ಗೇಣು ಮತ್ತು ಮೇಲಿನ ಮೂಲೆ, ಇಷ್ಟು ನೋಡಿದರೆ ಸಾಕು. ಎರಡು ಕಾರುಗಳ ಮುಂಭಾಗ ಹಿಂಭಾಗ ಸೇರಿಸಿ ಒಂದು ಮಾಡಿದ್ದರೆ ಜೋಡಣೆಯ ಗೆರೆ ಸಿಗುವುದು ಪಿಲ್ಲರ್‌ನಲ್ಲಿ, ಹೊಸ್ತಿಲಲ್ಲಿ ಮತ್ತು ನೆಲದ ಮ್ಯಾಟ್ ಕೆಳಗೆ.

ಡಿಕ್ಕಿಯಲ್ಲಿ ಏನು ನೋಡಬೇಕು?

ಸ್ಟೆಪ್ನಿ ಹೊರಗೆ ತೆಗೆಸಿ. ಅದರ ಗುಂಡಿಯ ತಳ ನುಣುಪಾಗಿ, ಸುತ್ತ ಸೀಲರ್ ಸರಿಯಾಗಿ ಇರಬೇಕು. ಹಿಂದಿನಿಂದ ಏಟು ಬಿದ್ದರೆ ಮೊದಲು ಸುಕ್ಕಾಗುವುದು ಈ ಗುಂಡಿಯೇ. ಅದನ್ನು ಪೂರ್ತಿ ನೇರ ಮಾಡುವ ತಾಳ್ಮೆ ಹೆಚ್ಚಿನವರಿಗೆ ಇರುವುದಿಲ್ಲ, ಮೇಲೆ ಕಾರ್ಪೆಟ್ ಹಾಸುತ್ತಾರೆ. ಸಿಎನ್‌ಜಿ ಸಿಲಿಂಡರ್ ಕೂರಿಸಿದ ಕಾರಾದರೆ ತಳ ಮೇಲಿನಿಂದ ಕಾಣುವುದಿಲ್ಲ. ರ‍್ಯಾಂಪ್‌ಗೆ ಹತ್ತಿಸಿ ಕೆಳಗಿನಿಂದಲೇ ನೋಡಬೇಕು.

ಕೆಳಭಾಗಕ್ಕೆಲ್ಲ ಹೊಸ ಕಪ್ಪು ಕೋಟಿಂಗ್ ಹೊಡೆಸಿದ್ದಾರೆ. ಒಳ್ಳೆಯದಲ್ಲವೇ?

ಕಾರು ಹೊಸದಿದ್ದಾಗ ಹೊಡೆಸಿದ್ದರೆ ಒಳ್ಳೆಯದು. ಮಾರುವ ವಾರದಲ್ಲಿ ಹೊಡೆಸಿದ್ದರೆ ಯಾಕೆ ಎಂದು ಕೇಳಬೇಕು. ಮಲೆನಾಡಿನ ಮಳೆಯಾಗಲಿ ಕಡಲ ಉಪ್ಪುಗಾಳಿಯಾಗಲಿ ನಮ್ಮಲ್ಲಿಲ್ಲ, ತುಕ್ಕಿನ ಭಯಕ್ಕೆ ಹೊಡೆಸಿದೆ ಎಂಬ ಮಾತು ಚಿತ್ರದುರ್ಗದ ಒಣ ಹವೆಯಲ್ಲಿ ನಿಲ್ಲುವುದಿಲ್ಲ. ಐದು ವರ್ಷ ಓಡಿದ ಕಾರಿನ ಹೊಟ್ಟೆಯಲ್ಲಿ ದೂಳು, ಕಲ್ಲು ಸಿಡಿದ ಗುರುತು ಇರಲೇಬೇಕು. ಕೋಟಿಂಗ್ ಒಂದೇ ಬದಿಯಲ್ಲಿ ಹೊಳೆಯುತ್ತಿದ್ದರೆ ಆ ಬದಿಯ ಲೆಗ್ ಮೇಲೆ ಸ್ಕ್ರೂಡ್ರೈವರ್ ಹಿಡಿಕೆಯಿಂದ ತಟ್ಟಿ ನೋಡಿ. ಪುಟ್ಟಿ ತುಂಬಿದ ಕಡೆ ಸದ್ದು ಮಂಕಾಗುತ್ತದೆ. ಲೆಗ್‌ಗಳ ಮೇಲೆ ಇಕ್ಕಳದ ಹಲ್ಲಿನಂಥ ಕಚ್ಚು ಗುರುತುಗಳಿದ್ದರೆ ಕಾರನ್ನು ಹಿಡಿದು ಎಳೆದಿದ್ದಾರೆ ಎಂದರ್ಥ.

ಟೇಪ್ ಹಿಡಿದು ಅಳೆಯಬಹುದೇ?

ಖಂಡಿತ. ಬಾನೆಟ್ ಕೆಳಗೆ, ಬಲಗಡೆಯ ಸಸ್ಪೆನ್ಷನ್ ಟವರ್‌ನ (ಮುಂಚಕ್ರದ ಶಾಕ್ ಅಬ್ಸಾರ್ಬರ್‌ನ ಮೇಲ್ತುದಿ ಕೂರುವ ಗೂಡು) ಒಂದು ಬೋಲ್ಟಿನಿಂದ ಎಡಗಡೆಯ ಹೆಡ್‌ಲೈಟ್ ಬೋಲ್ಟಿಗೆ ಓರೆಯಾಗಿ ಅಳೆಯಿರಿ. ಆಮೇಲೆ ಎಡದಿಂದ ಬಲಕ್ಕೆ, ಅದೇ ಬೋಲ್ಟುಗಳ ಜೋಡಿಗೆ. ಮನೆ ಕಟ್ಟುವ ಮೇಸ್ತ್ರಿ ಪಾಯದ ಮೂಲೆಯನ್ನು ಕರ್ಣ ಅಳೆದು ಒಪ್ಪುವುದೂ ಇದೇ ಲೆಕ್ಕದಿಂದ. ಟೇಪಿನಲ್ಲಿ ಮೂರರಿಂದ ಐದು ಮಿಲಿಮೀಟರ್ ವ್ಯತ್ಯಾಸ ಬಂದರೆ ಕೈ ತಪ್ಪಿರಬಹುದು, ಮತ್ತೆ ಅಳೆಯಿರಿ. ಒಂದು ಸೆಂಟಿಮೀಟರ್ ಬಂದರೆ ಮುಂಭಾಗ ಓರೆಯಾಗಿದೆ.

ಸ್ಟೀರಿಂಗ್ ನೇರವಿಟ್ಟು, ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ ಎರಡೂ ಬದಿಯಲ್ಲಿ ಅಳೆದು ಹೋಲಿಸಿ. ಇಲ್ಲೂ ಅದೇ ಮಿತಿ.

ಓಡಿಸಿ ನೋಡುವಾಗ ಏನನ್ನು ಗಮನಿಸಬೇಕು?

ದಾವಣಗೆರೆಯ ಪಿ.ಬಿ. ರಸ್ತೆಯ ಗದ್ದಲದಲ್ಲಿ ಓಡಿಸಿದರೆ ಹಾರ್ನ್ ಸರಿಯಿದೆಯೇ ಎಂಬುದಷ್ಟೇ ಗೊತ್ತಾದೀತು. ಬೈಪಾಸ್‌ಗೆ ಹೋಗಿ, ಅರವತ್ತು ಎಪ್ಪತ್ತರ ವೇಗದಲ್ಲಿ ನೇರ ರಸ್ತೆಯಲ್ಲಿ ಸ್ಟೀರಿಂಗ್ ಹಿಡಿತ ತುಸು ಸಡಿಲಿಸಿ, ಕೈ ಪೂರ್ತಿ ಬಿಡಬೇಡಿ. ನಮ್ಮ ರಸ್ತೆಗಳು ನೀರು ಹರಿಯಲೆಂದು ಎಡಕ್ಕೆ ಸ್ವಲ್ಪ ವಾಲಿರುತ್ತವೆ, ಆದ್ದರಿಂದ ಕಾರು ನಿಧಾನವಾಗಿ ಎಡಕ್ಕೆ ಸರಿದರೆ ತಪ್ಪಿಲ್ಲ. ಬಲಕ್ಕೆ ಎಳೆದರೆ, ಅಥವಾ ನೇರ ಹೋಗಲು ಸ್ಟೀರಿಂಗ್ ಓರೆ ಹಿಡಿಯಬೇಕಾದರೆ ಕಾರಣ ಹುಡುಕಬೇಕು. ಟೈರ್, ಬ್ರೇಕ್, ಅಲೈನ್‌ಮೆಂಟ್ ಇವುಗಳಿಂದಲೂ ಹೀಗಾಗುತ್ತದೆ.

ಸರ್ವಿಸ್ ರಸ್ತೆಯಲ್ಲಿ ನೀರು ನಿಂತ ಕಡೆ ಸಿಕ್ಕರೆ ಕಾರನ್ನು ನೇರವಾಗಿ ಅದರ ಮೇಲೆ ಹಾಯಿಸಿ, ಇಳಿದು ಒಣ ಡಾಂಬರಿನ ಮೇಲಿನ ಒದ್ದೆ ಗುರುತು ನೋಡಿ. ಹಿಂದಿನ ಚಕ್ರದ ಗುರುತು ಎರಡೂ ಬದಿಯಲ್ಲಿ ಮುಂದಿನದರ ಮೇಲೆಯೇ, ಇಲ್ಲವೇ ಎರಡೂ ಬದಿ ಸಮವಾಗಿ ಒಳಗೆ ಅಥವಾ ಹೊರಗೆ ಬಿದ್ದಿರಬೇಕು. ಎರಡೂ ಹಿಂಚಕ್ರಗಳ ಗುರುತು ಒಂದೇ ಕಡೆಗೆ ಸರಿದಿದ್ದರೆ ಕಾರು ಏಡಿಯ ನಡಿಗೆ ನಡೆಯುತ್ತಿದೆ.

ವ್ಹೀಲ್ ಅಲೈನ್‌ಮೆಂಟ್ ಮಾಡಿಸಿದರೆ ಗೊತ್ತಾಗುತ್ತದೆಯೇ?

ಗೊತ್ತಾಗುತ್ತದೆ, ಚೀಟಿ ಓದಲು ಬಂದರೆ. ಕೆಲವು ನೂರು ರೂಪಾಯಿಯ ಈ ಚೀಟಿಯನ್ನು ಕೊಳ್ಳುವ ಮುನ್ನ ಮಾಡಿಸುವವರು ಯಾಕಿಷ್ಟು ಕಡಿಮೆ ಎಂಬುದೇ ನನಗೆ ಅರ್ಥವಾಗದ ಸಂಗತಿ. ಅಂಗಡಿಯವರಿಗೆ ‘ಸರಿ ಮಾಡುವುದು ಬೇಡ, ಈಗ ಇರುವುದನ್ನು ಪ್ರಿಂಟ್ ಕೊಡಿ’ ಎನ್ನಿ. ಸರಿ ಮಾಡಿದ ಮೇಲಿನ ಚೀಟಿಯಲ್ಲಿ ಅರ್ಧ ಸಾಕ್ಷ್ಯ ಅಳಿಸಿಹೋಗಿರುತ್ತದೆ.

ಚೀಟಿಯಲ್ಲಿ ಟೋ, ಕ್ಯಾಂಬರ್, ಕ್ಯಾಸ್ಟರ್ ಎಂದು ಮೂರು ಲೆಕ್ಕಗಳಿರುತ್ತವೆ. ಮೇಲಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ ಟೋ, ಮುಂದಿನಿಂದ ನೋಡಿದಾಗ ಚಕ್ರದ ವಾಲಿಕೆ ಕ್ಯಾಂಬರ್, ಸ್ಟೀರಿಂಗ್ ತಿರುಗಿಸಿದಾಗ ಚಕ್ರ ಹೊರಳುವ ಅಕ್ಷ ಬದಿಯಿಂದ ನೋಡಿದಾಗ ವಾಲಿರುವುದು ಕ್ಯಾಸ್ಟರ್. ಟೋ ಕೆಟ್ಟಿದ್ದರೆ ಬಿಡಿ. ಒಂದು ದೊಡ್ಡ ಹೊಂಡ ಸಾಕು ಅದು ಕೆಡಲು, ಒಂದು ಸ್ಪ್ಯಾನರ್ ಸಾಕು ಸರಿಯಾಗಲು. ನೋಡಬೇಕಾದದ್ದು ಕ್ಯಾಂಬರ್ ಮತ್ತು ಕ್ಯಾಸ್ಟರ್. ನಮ್ಮಲ್ಲಿ ಓಡುವ ಹೆಚ್ಚಿನ ಸಣ್ಣ ಕಾರುಗಳಲ್ಲಿ ಮುಂದಿನ ಚಕ್ರದ ಈ ಎರಡನ್ನು ತಿರುಗಿಸಿ ಹೊಂದಿಸುವ ವ್ಯವಸ್ಥೆಯೇ ಇಲ್ಲ. ಕಾರ್ಖಾನೆಯಲ್ಲಿ ಬೋಲ್ಟ್ ತೂತು ಎಲ್ಲಿದೆಯೋ ಅಲ್ಲಿಗೆ ಅದು ನಿಗದಿ. ಅಂಥ ಕಾರಿನಲ್ಲಿ ಒಂದು ಬದಿಯ ಕ್ಯಾಂಬರ್ ಮಿತಿಯಿಂದ ಹೊರಗಿದ್ದರೆ ಸಸ್ಪೆನ್ಷನ್‌ನ ಯಾವುದೋ ಭಾಗ ಬಾಗಿದೆ, ಇಲ್ಲವೇ ಅದು ಕೂತ ಟವರ್ ಜಾಗ ಬಿಟ್ಟಿದೆ. ಕ್ಯಾಸ್ಟರ್‌ನ ಎಡಬಲ ವ್ಯತ್ಯಾಸ ಅರ್ಧ ಡಿಗ್ರಿ ದಾಟಿದರೆ ಕಾರು ಒಂದು ಕಡೆಗೆ ಎಳೆಯತೊಡಗುತ್ತದೆ.

ಹಿಂದಿನ ಚಕ್ರಗಳ ಲೆಕ್ಕವನ್ನೂ ಕೇಳಿ ಪಡೆಯಿರಿ. ಸಣ್ಣ ಕಾರುಗಳ ಹಿಂದಿನ ಆಕ್ಸಲ್ ಒಂದೇ ತೊಲೆ, ಅಲ್ಲಿ ಹೊಂದಿಸಲು ಏನೂ ಇಲ್ಲ. ಅಲ್ಲಿ ಅಂಕಿ ಕೆಂಪಾಗಿ (ಮಿತಿಯ ಹೊರಗೆ) ಬಂದರೆ ತೊಲೆ ಬಾಗಿದೆ ಅಥವಾ ಬಾಡಿ ಸರಿದಿದೆ. ತೊಲೆ ಬದಲಿಸಬಹುದು, ಬಾಡಿ ಬದಲಿಸಲಾಗದು. ‘ಶಿಮ್ (ಸಂದಿಗೆ ಇಡುವ ತೆಳು ತಗಡು) ಹಾಕಿ ಸರಿ ಮಾಡಿಕೊಡುತ್ತೇವೆ’ ಎನ್ನುವವರು ಅಂಕಿಯನ್ನು ಹಸಿರು ಮಾಡಿಕೊಡುತ್ತಾರೆ ಅಷ್ಟೇ.

ಕಾರು ರ‍್ಯಾಂಪ್ ಮೇಲೆ ಇರುವಾಗಲೇ ಕೆಳಭಾಗವನ್ನೂ ನೋಡಿಬಿಡಿ, ಎರಡು ಖರ್ಚು ಒಂದಾಗುತ್ತದೆ.

ಗಾಜು, ಸೀಟ್ ಬೆಲ್ಟ್, ಏರ್‌ಬ್ಯಾಗ್ ಏನು ಹೇಳುತ್ತವೆ?

ಪ್ರತಿ ಗಾಜಿನ ಮೂಲೆಯಲ್ಲಿ ಕಂಪನಿಯ ಗುರುತಿನ ಜೊತೆ ತಯಾರಾದ ವರ್ಷದ ಕೊನೆಯ ಅಂಕಿ, ತಿಂಗಳಿಗೆ ಚುಕ್ಕೆಗಳು ಇರುತ್ತವೆ. ಮುಂದಿನ ಗಾಜು ಮಾತ್ರ ಬೇರೆ ವರ್ಷದ್ದಾದರೆ ಲಾರಿಯಿಂದ ಸಿಡಿದ ಜಲ್ಲಿಕಲ್ಲು ಕಾರಣವಿರಬಹುದು, ಹೆದ್ದಾರಿಯಲ್ಲಿ ಇದು ದಿನನಿತ್ಯದ ಮಾತು. ಒಂದೇ ಬದಿಯ ಎರಡು ಬಾಗಿಲ ಗಾಜುಗಳು ಬೇರೆಯಾಗಿದ್ದರೆ ಆ ಬದಿಯ ಪಿಲ್ಲರ್‌ಗೆ ಮತ್ತೆ ಹೋಗಿ.

ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆಯಿರಿ. ಬುಡದ ಚೀಟಿಯಲ್ಲಿ ತಯಾರಿಕೆಯ ದಿನಾಂಕವಿರುತ್ತದೆ. ಅದು ಕಾರಿನ ವಯಸ್ಸಿಗೆ ಹೊಂದಬೇಕು. ಜೋರಾದ ಏಟಿನಲ್ಲಿ ಬೆಲ್ಟ್ ಮೇಲೆ ತಿಕ್ಕಿ ಕರಗಿದಂಥ ಹೊಳಪಿನ ಗುರುತು ಉಳಿಯುತ್ತದೆ.

ಇಗ್ನಿಷನ್ ಹಾಕಿದಾಗ ಏರ್‌ಬ್ಯಾಗ್ ದೀಪ ಹೊತ್ತಿ ಕೆಲವು ಸೆಕೆಂಡಿನಲ್ಲಿ ಆರಬೇಕು. ಆರದಿದ್ದರೆ ದೋಷ, ಹೊತ್ತಿಕೊಳ್ಳದೇ ಇದ್ದರೆ ಅದಕ್ಕಿಂತ ದೊಡ್ಡ ದೋಷ. ಸಿಡಿದ ಏರ್‌ಬ್ಯಾಗ್ ಬದಲಿಗೆ ಒಂದು ರೆಸಿಸ್ಟರ್ ಕೂರಿಸಿ ದೀಪವನ್ನು ಮೋಸಗೊಳಿಸಲೂ ಸಾಧ್ಯ. ಚಾಲಕನ ಏರ್‌ಬ್ಯಾಗ್ 2019ರ ಜುಲೈನಿಂದ ಕಡ್ಡಾಯ, ಆದ್ದರಿಂದ ಅದರ ನಂತರದ ಯಾವ ಕಾರಿನಲ್ಲೂ ಅದು ಇರಲೇಬೇಕು. ಡ್ಯಾಶ್‌ಬೋರ್ಡ್‌ನಲ್ಲಿ ಏರ್‌ಬ್ಯಾಗ್ ಮುಚ್ಚಳದ ಅಂಚು ಅಂಟಿಸಿದಂತಿದ್ದರೆ ಸ್ಕ್ಯಾನರ್ ಹಾಕಿಸಿ ನೋಡದೆ ಮುಂಗಡ ಕೊಡಬೇಡಿ.

ನೀರಿನಲ್ಲಿ ಮುಳುಗಿದ ಕಾರನ್ನು ಗುರುತಿಸುವುದು ಹೇಗೆ?

2022ರ ಸೆಪ್ಟೆಂಬರ್ ಮಳೆಯಲ್ಲಿ ಬೆಂಗಳೂರಿನ ನೆಲಮಾಳಿಗೆಗಳಲ್ಲಿ ಕಾರುಗಳು ಮುಳುಗಿದ್ದನ್ನು ಎಲ್ಲರೂ ಟಿ.ವಿ.ಯಲ್ಲಿ ನೋಡಿದ್ದೇವೆ. ಅಂಥ ಕಾರುಗಳು ಒಣಗಿದ ಮೇಲೆ ಯಾವ ಊರಿಗೆ ಬೇಕಾದರೂ ಹೋಗಬಹುದು. ಸೀಟಿನ ಕೆಳಗಿನ ಹಳಿ ಮತ್ತು ಬೋಲ್ಟಿನಲ್ಲಿ ತುಕ್ಕು, ಎಳೆದ ಬೆಲ್ಟಿನ ತುದಿಯಲ್ಲಿ ಮಣ್ಣಿನ ಗೆರೆ, ಕಾರ್ಪೆಟ್ ಕೆಳಗೆ ತೇವ, ಸ್ಟೆಪ್ನಿ ಗುಂಡಿಯಲ್ಲಿ ಒಣಗಿದ ಕೆಸರು ನೋಡಿ. ಒಳಗೆ ಸುಗಂಧದ ಡಬ್ಬಿ ಮೂರು ನಾಲ್ಕಿದ್ದರೆ ಕಿಟಕಿ ಮುಚ್ಚಿ ಹತ್ತು ನಿಮಿಷ ಬಿಸಿಲಲ್ಲಿ ನಿಲ್ಲಿಸಿ, ಬಾಗಿಲು ತೆರೆದು ವಾಸನೆ ನೋಡಿ.

ಬೊಲೆರೊ, ಸ್ಕಾರ್ಪಿಯೊಗೂ ಇದೇ ಕ್ರಮವೇ?

ಪೂರ್ತಿ ಅಲ್ಲ. ಇವುಗಳಿಗೆ ಏಣಿಯಂಥ ಪ್ರತ್ಯೇಕ ಚಾಸಿಸ್ ಇದೆ, ಅದರ ಮೇಲೆ ಬಾಡಿಯನ್ನು ರಬ್ಬರ್ ಇಟ್ಟು ಬೋಲ್ಟ್ ಹಾಕಿರುತ್ತಾರೆ. ಬಾಡಿಯ ಏಟಿಗಿಂತ ಆ ಎರಡು ಉದ್ದನೆಯ ತೊಲೆಗಳು ಮುಖ್ಯ. ಕೆಳಗೆ ಮಲಗಿ ಒಂದು ತುದಿಯಿಂದ ಇನ್ನೊಂದು ತುದಿಗೆ ಕಣ್ಣು ಹಾಯಿಸಿ; ಅಡ್ಡ ಬೆಸುಗೆ, ತಗಡಿನ ತೇಪೆ, ಬಿರುಕು ಇರಬಾರದು. ಕ್ರಾಸ್ ಮೆಂಬರ್ (ಅಡ್ಡ ತೊಲೆ) ಸೇರುವ ಮೂಲೆಗಳಲ್ಲಿ ಹೆಚ್ಚು ನೋಡಿ. ಹೊಲಗದ್ದೆಗಳಲ್ಲಿ ಭಾರ ಹೊತ್ತ ಗಾಡಿಗಳು ಮೊದಲು ಸೋಲುವುದು ಅಲ್ಲಿಯೇ.

ಚಾಸಿಸ್ ಸಂಖ್ಯೆಯ ಸುತ್ತ ಗ್ರೈಂಡರ್ ಗುರುತಾಗಲಿ ಬೆಸುಗೆಯಾಗಲಿ ಇದ್ದರೆ, ಅದು ಯಾವ ಗಾಡಿಯೇ ಇರಲಿ, ಬೆಲೆ ಮಾತಾಡದೆ ಎದ್ದು ಬನ್ನಿ. ಆ 17 ಅಕ್ಷರ–ಅಂಕಿಗಳು ಆರ್‌ಸಿಯಲ್ಲಿರುವಂತೆ ಒಂದೂ ತಪ್ಪದೆ ಇರಬೇಕು.

ದಾಖಲೆಗಳಲ್ಲಿ ಏಟಿನ ಸುಳಿವು ಸಿಗುತ್ತದೆಯೇ?

ಸಿಗುತ್ತದೆ. ಇನ್ಶೂರೆನ್ಸ್ ಪಾಲಿಸಿಯಲ್ಲಿ ಎನ್‌ಸಿಬಿ ಎಂಬ ಸಾಲಿದೆ, ಕ್ಲೈಮ್ ಮಾಡದವರಿಗೆ ಸಿಗುವ ರಿಯಾಯಿತಿ. ಮೊದಲ ವರ್ಷದ ನಂತರ ಶೇ 20, ಆಮೇಲೆ 25, 35, 45, ಕೊನೆಗೆ 50. ಐದು ವರ್ಷ ಒಬ್ಬರೇ ಇಟ್ಟುಕೊಂಡ ಕಾರಿನ ಪಾಲಿಸಿಯಲ್ಲಿ ಎನ್‌ಸಿಬಿ ಸೊನ್ನೆ ಇದ್ದರೆ ಇತ್ತೀಚೆಗೆ ಕ್ಲೈಮ್ ಆಗಿರಬಹುದು, ಅಥವಾ ಪಾಲಿಸಿ ನಡುವೆ ಬಿಟ್ಟುಹೋಗಿರಬಹುದು. ಹಿಂದಿನ ವರ್ಷಗಳ ಪಾಲಿಸಿಗಳನ್ನೂ ಕೇಳಿ. ಕೈಯಿಂದ ಹಣ ಹಾಕಿ ರಿಪೇರಿ ಮಾಡಿಸಿದ್ದರೆ ಮಾತ್ರ ಈ ಸಾಲಿನಲ್ಲಿ ಏನೂ ಕಾಣುವುದಿಲ್ಲ.

ರಿಪೇರಿ ವೆಚ್ಚ ವಿಮಾ ಮೌಲ್ಯದ ಶೇ 75 ದಾಟಿದರೆ ವಿಮಾ ಕಂಪನಿ ಅದನ್ನು ಟೋಟಲ್ ಲಾಸ್ ಎಂದು ಪರಿಗಣಿಸುತ್ತದೆ. ವಾಹನ ಶಾಶ್ವತವಾಗಿ ಬಳಕೆಗೆ ಬಾರದಂತಾದರೆ ಮಾಲೀಕರು 14 ದಿನಗಳೊಳಗೆ ಆರ್‌ಟಿಒಗೆ ತಿಳಿಸಿ ಆರ್‌ಸಿ ಒಪ್ಪಿಸಬೇಕು ಎಂದು ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 55 ಹೇಳುತ್ತದೆ. ಒಪ್ಪಿಸದ ಆರ್‌ಸಿ ಜೊತೆ ಗುಜರಿ ಕಾರು ಮತ್ತೆ ಬಾಡಿ ಕಟ್ಟಿಸಿಕೊಂಡು ಬರುತ್ತದೆ. ಎಂಪರಿವಾಹನ್ ಆಪ್‌ನಲ್ಲಿ ಆರ್‌ಸಿ ಸ್ಥಿತಿ ನೋಡಿಕೊಳ್ಳಿ. ಕೆಎ 17 ಆಗಲಿ ಕೆಎ 16 ಆಗಲಿ, ಸ್ಥಳೀಯ ನಂಬರ್ ಎಂಬುದು ಯಾವ ಭರವಸೆಯೂ ಅಲ್ಲ.

ಕಂಪನಿಯ ಸರ್ವಿಸ್ ಸೆಂಟರ್‌ನಲ್ಲಿ ಆದ ಬಾಡಿ ಕೆಲಸ ಅವರ ಕಂಪ್ಯೂಟರ್‌ನಲ್ಲಿ ಇರುತ್ತದೆ. ಮಾಲೀಕರನ್ನು ಜೊತೆಗೆ ಕರೆದುಕೊಂಡು ಹೋಗಿ ಕೇಳಿ.

‘200 ಅಂಶಗಳ ತಪಾಸಣೆ’ ವರದಿ ಕೊಟ್ಟಿದ್ದಾರೆ. ಸಾಕಲ್ಲವೇ?

ಆ ಇನ್ನೂರರಲ್ಲಿ ವೈಪರ್, ಸಿಗರೇಟ್ ಲೈಟರ್, ಮ್ಯಾಟ್ ಕೂಡ ಸೇರಿರುತ್ತವೆ. ವರದಿಯಲ್ಲಿ ಏಪ್ರನ್, ಲೆಗ್, ಪಿಲ್ಲರ್, ಡಿಕ್ಕಿ ತಳ ಇವುಗಳ ಮುಂದೆ ಏನು ಬರೆದಿದ್ದಾರೆ, ಚಿತ್ರ ಹಾಕಿದ್ದಾರೆಯೇ ಎಂದಷ್ಟೇ ನೋಡಿ. ತಪಾಸಣೆ ಮಾಡಿದವರಿಗೆ ಸಂಬಳ ಕೊಡುವವರು ಯಾರು ಎಂಬುದನ್ನೂ ನೆನಪಿಡಿ.

ಏಟು ಸಿಕ್ಕಿತು. ಬೆಲೆ ಇಳಿಸಿ ಕೊಳ್ಳಬಹುದೇ?

ಬೋಲ್ಟಿನ ಭಾಗಗಳಾದರೆ, ಸಪೋರ್ಟ್ ಆದರೆ, ಡಿಕ್ಕಿಯ ಹಿಂದಿನ ಪಟ್ಟಿ ಮಾತ್ರವಾದರೆ ಚೌಕಾಸಿ ಮಾಡಿ ಕೊಳ್ಳಿ. ಹಿಂದಿನ ಫೆಂಡರ್ ಕತ್ತರಿಸಿ ಹಾಕಿದ್ದು ಕಂಪನಿಯ ಸರ್ವಿಸ್ ಸೆಂಟರ್‌ನಲ್ಲಿ, ಬಿಲ್ಲೂ ಇದೆ ಎಂದಾದರೆ ಯೋಚಿಸಬಹುದು. ಲೆಗ್, ಪಿಲ್ಲರ್, ಹೊಸ್ತಿಲು, ಸಸ್ಪೆನ್ಷನ್ ಟವರ್‌ಗಳಲ್ಲಿ ಯಾವುದಾದರೂ ಒಂದಾದರೆ ನನ್ನ ಮಟ್ಟಿಗೆ ಬೆಲೆಯ ಪ್ರಶ್ನೆಯೇ ಬರುವುದಿಲ್ಲ. ಅರ್ಧ ಬೆಲೆಗೆ ಕೊಟ್ಟರೂ ಮಕ್ಕಳನ್ನು ಕೂರಿಸಿಕೊಂಡು ಹೆದ್ದಾರಿಗೆ ಹೋಗುವುದು ಅದೇ ಕಾರಿನಲ್ಲಿ. ‘ಊರೊಳಗೆ ಓಡಿಸಲು ಮಾತ್ರ’ ಎಂದು ಕೊಂಡವರು ಯಾರೂ ಊರೊಳಗೆ ಮಾತ್ರ ಓಡಿಸಿದ್ದನ್ನು ನಾನು ನೋಡಿಲ್ಲ.

ಕೊಂಡ ಮೇಲೆ ಗೊತ್ತಾಯಿತು. ಈಗ ಏನು ಮಾಡುವುದು?

ಮೊದಲು ಹೆದ್ದಾರಿಗೆ ಹೋಗುವುದನ್ನು ನಿಲ್ಲಿಸಿ, ಅಳತೆ ಬೆಂಚ್ ಇರುವ ಬಾಡಿಶಾಪ್‌ನಲ್ಲಿ ಅಳೆಸಿ ಲಿಖಿತ ವರದಿ ಪಡೆಯಿರಿ. ವ್ಯಾಪಾರಿಯಿಂದ ಕೊಂಡಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು. ಹಳೆಯ ವಾಹನಗಳ ವ್ಯಾಪಾರಿಗಳು ಆರ್‌ಟಿಒದಿಂದ ಅಧಿಕಾರ ಪತ್ರ ಪಡೆಯಬೇಕೆಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದನ್ನು ಕೊಳ್ಳುವಾಗಲೇ ಕೇಳಿ ನೋಡುವುದು ಒಳ್ಳೆಯದು.

ಪರಿಚಯದವರಿಂದಲೋ ನೆಂಟರಿಂದಲೋ ಕೊಂಡಿದ್ದರೆ ದಾರಿ ಕಷ್ಟ. 1872ರ ಕರಾರು ಕಾಯ್ದೆಯ ಪ್ರಕಾರ ಬೇಕೆಂದೇ ಮುಚ್ಚಿಟ್ಟದ್ದು ವಂಚನೆ. ಆದರೆ ಮಾರುವವರು ಬರಿದೇ ಸುಮ್ಮನಿದ್ದರು, ನೀವು ಸಾಮಾನ್ಯ ಎಚ್ಚರಿಕೆಯಿಂದ ನೋಡಿದ್ದರೆ ತಿಳಿಯುತ್ತಿತ್ತು ಎಂದಾದರೆ ಅದೇ ಕಾಯ್ದೆಯ ಸೆಕ್ಷನ್ 19 ನಿಮ್ಮ ನೆರವಿಗೆ ಬರುವುದಿಲ್ಲ. ಅದಕ್ಕೇ ಮುಂಗಡ ಕೊಡುವ ಮುನ್ನ ವಾಟ್ಸ್ಆ್ಯಪ್‌ನಲ್ಲಿ ಒಂದು ಸಾಲು ಕೇಳಿ: ‘ಈ ಕಾರಿನ ಲೆಗ್, ಪಿಲ್ಲರ್, ನೆಲ ಯಾವುದಕ್ಕಾದರೂ ಬೆಸುಗೆ ಕೆಲಸ ಆಗಿದೆಯೇ?’ ‘ಇಲ್ಲ’ ಎಂಬ ಉತ್ತರ ಬರಹದಲ್ಲಿ ಇದ್ದರೆ ಅದು ಮೌನವಲ್ಲ.

ನನ್ನ ಕಾರಿಗೇ ಏಟು ಬಿದ್ದಿತ್ತು. ಮಾರುವಾಗ ಹೇಳಬೇಕೇ?

ಹೇಳಿ. ರಿಪೇರಿಯ ಬಿಲ್ಲು, ಬಿಚ್ಚಿದಾಗ ತೆಗೆದ ಫೋಟೊಗಳು, ಇನ್ಶೂರೆನ್ಸ್ ಸರ್ವೇ ವರದಿ, ಹೊಸ ಅಲೈನ್‌ಮೆಂಟ್ ಚೀಟಿ ಇಷ್ಟನ್ನು ಮುಂದಿಟ್ಟರೆ ಗಿರಾಕಿಗಳಲ್ಲಿ ಅರ್ಧದಷ್ಟು ಜನ ಎದ್ದು ಹೋಗಬಹುದು. ಉಳಿದವರು ಬೆಲೆ ಮಾತಾಡುತ್ತಾರೆ, ಮತ್ತೆ ಆರು ತಿಂಗಳ ನಂತರ ಜಗಳಕ್ಕೆ ಬರುವುದಿಲ್ಲ. ಮಾರಿದ ಮೇಲೆ ಫಾರಂ 29 ಮತ್ತು 30 ಸಲ್ಲಿಸಿ ಆರ್‌ಸಿ ಅವರ ಹೆಸರಿಗೆ ಆಗುವವರೆಗೂ ಬೆನ್ನು ಹತ್ತಿ. ಎನ್‌ಸಿಬಿ ಕಾರಿನ ಜೊತೆ ಹೋಗುವುದಿಲ್ಲ, ನಿಮ್ಮ ಬಳಿಯೇ ಉಳಿಯುತ್ತದೆ. ವಿಮಾ ಕಂಪನಿಯಿಂದ ಅದರ ಪತ್ರ ಕೇಳಿ ಪಡೆದರೆ ಮುಂದಿನ ಕಾರಿನ ಪ್ರೀಮಿಯಂನಲ್ಲಿ ಅಷ್ಟು ಕಡಿಮೆಯಾಗುತ್ತದೆ.